ಮಿಕ್ಕ ವೋಲ್ಟೇಜು ಎಲ್ಲಿಗೆ ಹೋಗುತ್ತೆ?

ಶನಿವಾರ ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿನಲ್ಲಿ ನಡೆದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಅಕ್ಕನ ಮಗಳ ರಿಮೋಟ್ ವಿಮಾನದಲ್ಲಿ ಸಿಗ್ನಲ್ ಹಿಡಿಯುವ ರಿಸೀವರಿಗೂ, ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ನಾಲ್ಕು ಪುಟ್ಟ ಮೋಟಾರುಗಳಿಗೂ (ಸರ್ವೋ) 5 ವೋಲ್ಟ್ ಬೇಕಿತ್ತು. ಬ್ಯಾಟರಿ ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್), ಪೂರ್ತಿ ಚಾರ್ಜ್ ಆದರೆ 12.6. ಅಂಗಡಿಯವರು ಡಬ್ಬಿಯಿಂದ ಒಂದು 7805, ಅಂದರೆ ವೋಲ್ಟೇಜನ್ನು 5ಕ್ಕೆ ಇಳಿಸುವ ರೆಗ್ಯುಲೇಟರ್ ಚಿಪ್, ತೆಗೆದು ಕೌಂಟರ್ ಮೇಲಿಟ್ಟರು.

"ಅಂಕಲ್, ಮಿಕ್ಕ ಏಳೂವರೆ ವೋಲ್ಟ್ ಎಲ್ಲಿಗೆ ಹೋಗುತ್ತೆ?" ಅಂತ ಹಿಂದಿಯಲ್ಲಿ ಕೇಳಿದಳು.

"ಚಲ್ ಜಾಯೇಗಾ ಬೇಟಾ" (ನಡೆಯುತ್ತೆ ಬಿಡು ಮಗಳೇ) ಎಂದವರೇ ಬೇರೆ ಗಿರಾಕಿಯ ಕಡೆ ತಿರುಗಿದರು.

ಎಲ್ಲಿಗೆ ಹೋಗುತ್ತೆ? ಶಾಖವಾಗಿ ಹೋಗುತ್ತೆ. ನಾಲ್ಕೂ ಸರ್ವೋ ಗಾಳಿಗೆ ಎದುರಾಗಿ ಒಟ್ಟಿಗೆ ಎಳೆದಾಗ ಒಂದು ಆಂಪಿಯರ್ ಅಂತಿಟ್ಟುಕೊಂಡರೂ, ಏಳೂವರೆ ವ್ಯಾಟ್ ಪೂರಾ ಆ ಮೂರು ಕಾಲಿನ ಪುಟ್ಟ ಚಿಪ್ಪಿನ ಮೈಮೇಲೆ. ಹೀಟ್ ಸಿಂಕ್ ಇಲ್ಲದೆ ಅದು ತಡೆಯುವುದಿಲ್ಲ. ಕಾವೇರಿದರೆ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತೆ. ಮೇಜಿನ ಮೇಲಾದರೆ ಆರುವ ತನಕ ಕಾಯಬಹುದು. ಮೇಲೆ ಹಾರುತ್ತಿರುವಾಗ ರಿಸೀವರ್ ಸತ್ತರೆ ರಿಮೋಟ್ ಹಿಡಿದವರು ಬರೀ ನೋಡುತ್ತಾ ನಿಲ್ಲಬೇಕು. ಕೆಳಗೆ ಮೈದಾನದಲ್ಲಿ ಕ್ರಿಕೆಟ್ ಆಡುವ ಮಕ್ಕಳಿರುತ್ತಾರೆ.

ಅಂಗಡಿಯವರು ಮೋಸಗಾರರಲ್ಲ. ಕಡಿಮೆ ಕರೆಂಟಿನ ಕೆಲಸಕ್ಕೆ 7805 ಒಳ್ಳೆಯ ವಸ್ತುವೇ. ಆದರೆ ಹುಡುಗಿ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಳು, ಅವಳಿಗೆ ಉತ್ತರ ಸಿಗಬೇಕಿತ್ತು. ನಮ್ಮ ಮನೆಗಳಲ್ಲೂ ಇದೇ ಪಾಡು. ಕುಕ್ಕರ್ ಯಾಕೆ ಕೂಗುತ್ತೆ, ಫ್ಯಾನಿಗೆ ಕಂಡೆನ್ಸರ್ ಯಾಕೆ ಅಂತ ಮಕ್ಕಳು ಕೇಳಿದರೆ "ನಿಂಗ್ಯಾಕೆ, ಹೋಗಿ ಓದ್ಕೋ" ಅನ್ನುತ್ತೇವೆ. ಆಮೇಲೆ ಅದೇ ಪಾಠಕ್ಕೆ ಕೋಚಿಂಗ್ ಕ್ಲಾಸಿಗೆ ದುಡ್ಡು ಸುರಿಯುತ್ತೇವೆ. ನನಗೆ ಸಿಟ್ಟು ಬರುವುದು ಇಲ್ಲಿ.

ಪಕ್ಕದ ಗಲ್ಲಿಯಲ್ಲಿ 5 ವೋಲ್ಟ್, 3 ಆಂಪಿಯರಿನ ಸ್ವಿಚಿಂಗ್ ಯುಬೆಕ್, ಅಂದರೆ ಬೇರೊಂದು ಬಗೆಯ ರೆಗ್ಯುಲೇಟರ್, ಸಿಕ್ಕಿತು. ಅದು ಹೆಚ್ಚಿನ ವೋಲ್ಟೇಜನ್ನು ಸುಟ್ಟು ಕಳೆಯುವುದಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತಾ, ಕಾಯಿಲಿನಲ್ಲಿ ಶಕ್ತಿ ತುಂಬಿ, ಬೇಕಾದಷ್ಟನ್ನೇ ಮುಂದಕ್ಕೆ ಬಿಡುತ್ತೆ. ಆ ಸ್ವಿಚಿಂಗಿನ ಗದ್ದಲ ರಿಸೀವರಿಗೆ ತಟ್ಟದಿರಲಿ ಅಂತ ಅವಳು ಎರಡನ್ನೂ ದೂರ ಇಟ್ಟಳು, ತಂತಿಯನ್ನು ಫೆರೈಟ್ ರಿಂಗಿಗೆ ಸುತ್ತಿದಳು. ಇಎಸ್‌ಸಿಯ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕಿಟ್ಟಿನ) ಒಳಗೂ ಒಂದು ರೆಗ್ಯುಲೇಟರ್ ಇದೆಯಲ್ಲ, ಎರಡೂ ಒಂದಕ್ಕೊಂದು ಗುದ್ದಾಡಬಾರದು; ಅದರ ಪ್ಲಗ್ಗಿನಿಂದ ರಿಸೀವರಿಗೆ ಕರೆಂಟ್ ತರುವ ಕೆಂಪು ತಂತಿಯನ್ನು ಪಿನ್ನಿನಿಂದ ಮೀಟಿ ತೆಗೆದು ತುದಿಗೆ ಟೇಪ್ ಸುತ್ತಿದಳು.

ಇನ್ನು ಕನೆಕ್ಟರ್ ತರಬೇಕು. ಆ ಮೊದಲಿನ ಅಂಗಡಿಗೇ ಹೋಗೋಣ ಅನ್ನುತ್ತಾಳೆ. ಯಾಕೆ ಅಂದರೆ, "ಅವ್ರು ಇನ್ನೂ ಉತ್ತರ ಹೇಳಿಲ್ವಲ್ಲ ಮಾಮಾ."