ಆಗುಂಬೆ ಘಾಟಿಯಲ್ಲಿ ನಿಂತ ಪದ್ಮಿನಿ

ಹಳೇ ಕಾರು ದಾರಿಯಲ್ಲಿ ನಿಂತರೆ ಕಂಡವರೆಲ್ಲ ಹೇಳುವುದು ಒಂದೇ ಮಾತು: "ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡ್ಸಿ." ಬೈಕಿನವರು, ಲಾರಿಯವರು, ಎಳನೀರು ಮಾರುವವರು, ಎಲ್ಲರದೂ ಇದೇ ತೀರ್ಪು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ಸೋಲೆಕ್ಸ್ ಕಂಪನಿಯ ಕಾರ್ಬೊರೇಟರನ್ನು ಹೀಗೆ ಎಷ್ಟು ಸಲ ಬಿಚ್ಚಿ ಜೋಡಿಸಿದ್ದಾರೋ, ಮುಚ್ಚಳದ ಸ್ಕ್ರೂಗಳ ತಲೆಯೇ ಸವೆದುಹೋಗಿದೆ.

ಕಾರು ಅಪ್ಪ ಕೊಂಡದ್ದು, ಎಂಬತ್ತರ ದಶಕದ್ದು. ಮುಂಬೈಯ ಕುರ್ಲಾದಲ್ಲಿ ಫಿಯೆಟ್ 1100ರ ಅಚ್ಚಿನಲ್ಲೇ ತಯಾರಾಗುತ್ತಿದ್ದ ಗಾಡಿ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಉಡುಪಿ, ಮಣಿಪಾಲ ಅಂತ ತಿರುಗಾಡುವಾಗ ತಕರಾರೇ ಇಲ್ಲ. ಘಾಟಿ ಹತ್ತಿಸಿದರೆ ಮಾತ್ರ ರಗಳೆ. ಮೊದಲು ಪಿಕಪ್ ಇಳಿಯುತ್ತದೆ, ಆಮೇಲೆ ಮಿಸ್ಸಿಂಗ್, ಕೊನೆಗೆ ಒಂದೆರಡು ಜರ್ಕ್ ಹೊಡೆದು ಆಫ್. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ತೀರ್ಥಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಸುಖವಾಗಿ ಬಂದೆವು. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಕೆಳಗಿನವೇ ಮುಗಿದಿರಲಿಲ್ಲ, ಸೆಕೆಂಡ್ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಗಾಡಿ ನಿಂತೇಬಿಟ್ಟಿತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಭಾವ ಆಗಲೇ ಬಾನೆಟ್ ಎತ್ತಿ, ಬೈರಾಸು ಒದ್ದೆ ಮಾಡಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ಸುತ್ತುತ್ತಿದ್ದರು. "ಹೀಟಿಗೆ ಪೆಟ್ರೋಲ್ ಆವಿಯಾಗಿ ಏರ್ ಹಿಡ್ದಿದೆ, ಅಷ್ಟೇ" ಅಂದರು. ಹತ್ತು ನಿಮಿಷ ಬಿಟ್ಟು ಹೊಡೆದರೆ ಸ್ಟಾರ್ಟ್ ಆಯಿತು. ಭಾವನ ಮುಖ ನೋಡಬೇಕಿತ್ತು.

ನನಗೆ ಮಾತ್ರ ಆ ಬೈರಾಸಿನ ಮೇಲೆ ನಂಬಿಕೆ ಬರಲಿಲ್ಲ. ಬಟ್ಟೆ ಸುತ್ತದೆ ಹತ್ತು ನಿಮಿಷ ಬಿಟ್ಟಾಗಲೂ ಇದೇ ಗಾಡಿ ಸ್ಟಾರ್ಟ್ ಆದದ್ದುಂಟು. ಆವಿ ಕಟ್ಟುವ ತೊಂದರೆ ಇಲ್ಲವೆಂದಲ್ಲ, ಹಳೇ ಕಾರುಗಳಲ್ಲಿ ಅದು ಇದ್ದದ್ದೇ. ಆದರೆ ಬೆಳಗಿನ ತಂಪು ಇನ್ನೂ ಹೋಗಿರಲಿಲ್ಲ, ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇತ್ತು.

ಇನ್ನೊಂದು ತಿರುವು ಹತ್ತುವಷ್ಟರಲ್ಲಿ ಮತ್ತೆ ಆಫ್. ಈ ಸಲ ಭಾವನನ್ನು ತಡೆದು, ಗಾಡಿ ಸತ್ತ ಸ್ಥಿತಿಯಲ್ಲಿ ಇದ್ದಾಗಲೇ ನೋಡಿದೆ. ಒಂದು ಪ್ಲಗ್ ಬಿಚ್ಚಿ, ವಯರಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಹಿಡಿದೆ. ಭಾವ ಸೆಲ್ಫ್ ಹೊಡೆದಾಗ ನೀಲಿ ಕಿಡಿ ಚಟ್ ಚಟ್ ಎಂದು ಹಾರಿತು. ಅಲ್ಲಿಗೆ ಕಿಡಿ ಹುಟ್ಟಿಸುವ ಪಾಯಿಂಟ್, ಕಂಡೆನ್ಸರ್ ಎರಡರ ಮೇಲಿನ ಅನುಮಾನವೂ ಹೋಯಿತು. (ಬಿಸಿಯಾದ ಮೇಲೆ ಕೈಕೊಡುವ ಕಂಡೆನ್ಸರ್ ಇದೇ ತರಹ ನಾಟಕ ಆಡುತ್ತದೆ. ಕಾರ್ಬೊರೇಟರ್ ಹೊತ್ತ ಅಪವಾದಗಳಲ್ಲಿ ಅರ್ಧದಷ್ಟು ಅದರದ್ದೇ ಎಂದು ನನ್ನ ಗುಮಾನಿ.) ಆಮೇಲೆ ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರಿನ ಗಂಟಲೊಳಗೆ ಟಾರ್ಚ್ ಬಿಟ್ಟು, ಆಕ್ಸಿಲರೇಟರ್ ಲಿವರನ್ನು ಕೈಯಲ್ಲಿ ಎಳೆದೆ. ಸರಿಯಿದ್ದರೆ ಎಳೆದಾಗಲೆಲ್ಲ ಒಳಗಿನ ಸಣ್ಣ ನಳಿಗೆಯಿಂದ ಪೆಟ್ರೋಲ್ ಸೂಜಿಯಂತೆ ಚಿಮ್ಮಬೇಕು. ಒಂದು ಹನಿಯೂ ಬರಲಿಲ್ಲ. ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತುಂಬಿ ನಿಲ್ಲುವ ಫ್ಲೋಟ್ ಚೇಂಬರ್ ಖಾಲಿ. ಪೆಟ್ರೋಲೇ ಬಾರದ ಕಾರ್ಬೊರೇಟರನ್ನು ತೊಳೆದು ಏನು ಪ್ರಯೋಜನ?

ಗಾಡಿ ತಿರುಗಿಸಿ ಹೆಬ್ರಿಗೆ ಇಳಿಸಿದೆವು. ಅಲ್ಲೊಬ್ಬರು ವಯಸ್ಸಾದ ಮೇಸ್ತ್ರಿ ಇದ್ದಾರೆ. ಅಂಬಾಸಿಡರು, ಫಿಯೆಟ್ಟುಗಳಲ್ಲೇ ಕೈ ಕಪ್ಪು ಮಾಡಿಕೊಂಡವರು. ಕಥೆಯೆಲ್ಲ ಕೇಳಿ, "ಕಾರ್ಬೊರೇಟರ್ ಮುಟ್ಟುದು ಬೇಡ ಮಾರಾಯ್ರೆ, ಪೆಟ್ರೋಲ್ ಎಲ್ಲಿವರೆಗೆ ಬರ್ತದೆ ನೋಡುವ" ಅಂದರು. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟರು. ಮುಚ್ಚಳದ ಗಾಳಿತೂತು ಕಟ್ಟಿದ್ದರೆ ತೆರೆಯುವಾಗ ಸುಂಯ್ ಎನ್ನುತ್ತದಂತೆ. ಶಬ್ದ ಬರಲಿಲ್ಲ. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪ್ ಬಿಚ್ಚಿ ಬಾಟಲಿಗೆ ಇಳಿಬಿಟ್ಟು ಸೆಲ್ಫ್ ಹೊಡೆಸಿದರು. ಮೊದಲು ದಪ್ಪ ಧಾರೆ, ನೋಡನೋಡುತ್ತ ಸಣಕಲಾಗಿ, ಆಮೇಲೆ ಬರೀ ಗುಳ್ಳೆ. ಹಿಂದಿನ ಪೈಪ್ ತಪ್ಪಿಸಿ, ಕ್ಯಾನಿನಿಂದ ನೇರ ಪಂಪಿಗೆ ಕೊಟ್ಟಾಗ ಧಾರೆ ಸ್ವಲ್ಪವೂ ಸಣ್ಣಗಾಗಲಿಲ್ಲ. ಪಂಪ್ ಸರಿ ಇತ್ತು.

ಮೇಸ್ತ್ರಿ ಗಾಡಿಯ ಹಿಂಭಾಗಕ್ಕೆ ನುಸುಳಿ, ಟ್ಯಾಂಕಿನಿಂದ ಹೊರಡುವ ಗೇಣುದ್ದದ ರಬ್ಬರ್ ಹೋಸ್ ಕಿತ್ತು ತಂದರು. ಹೊರಗಿನಿಂದ ಏನೂ ಆಗಿರಲಿಲ್ಲ, ಒಂದು ಬಿರುಕೂ ಇಲ್ಲ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಒಳಗಿನ ಪದರ ಉಬ್ಬಿ, ಮೆತ್ತಗಾಗಿ, ಒಂದು ಕಡೆ ಕಿತ್ತು ನಾಲಿಗೆಯಂತೆ ಜೋತಿತ್ತು. ಬೆರಳಲ್ಲಿ ಉಜ್ಜಿದರೆ ಕಪ್ಪು ಮಸಿ. ಸಮತಟ್ಟು ರಸ್ತೆಯಲ್ಲಿ ಎಂಜಿನ್ ಕುಡಿಯುವುದು ಕಡಿಮೆ, ಸಂದಿನಲ್ಲಿ ಬಂದಷ್ಟೇ ಸಾಕಾಗುತ್ತದೆ. ಏರಿನಲ್ಲಿ ಪಂಪ್ ಜೋರಾಗಿ ಎಳೆದಾಗ ಆ ನಾಲಿಗೆ ದಾರಿಗೇ ಅಡ್ಡ ಬೀಳುತ್ತದೆ. ಎಂಜಿನ್ ನಿಂತರೆ ಎಳೆತವೂ ನಿಲ್ಲುತ್ತದೆ, ನಾಲಿಗೆ ಸಡಿಲವಾಗುತ್ತದೆ. ಭಾವನ ಬೈರಾಸಿಗೆ ಸಿಕ್ಕಿದ ಕೀರ್ತಿಯ ಗುಟ್ಟು ಇಷ್ಟೇ.

"ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ತಡೀದಿಲ್ಲ" ಅಂದರು ಮೇಸ್ತ್ರಿ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬಂದಾಯಿತು. ಪದ್ಮಿನಿ ಹುಟ್ಟಿದ ಕಾಲದ ಹೋಸು, ಪಂಪಿನೊಳಗಿನ ಪೊರೆಯಂಥ ಡಯಾಫ್ರಮ್ಮುಗಳು ಅದಕ್ಕೆಂದು ಮಾಡಿದವಲ್ಲ. ಎಥೆನಾಲ್ ತಾಳುವ ಹೊಸ ಹೋಸ್ ಹಾಕಿಸಿದೆ, ಹೆಚ್ಚು ಖರ್ಚೇನೂ ಬರಲಿಲ್ಲ.

ಹೊರಡುವ ಮೊದಲು ಅವರು ಪ್ಲಗ್‌ಗಳನ್ನೂ ಬಿಚ್ಚಿ ನೋಡಿದರು. ಕಾಫಿಪುಡಿ ಬಣ್ಣ ಇರಬೇಕಾದ ತುದಿ ಬೂದಿಯಂತೆ ಬೆಳ್ಳಗಿತ್ತು, ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬುದರ ಗುರುತು. ಹೊಟ್ಟೆಗೆ ಸಾಲದ ಹೋಸಿನ ಪಾಲೂ ಇದರಲ್ಲಿದೆ, ಎಥೆನಾಲಿನ ಪಾಲೂ ಇದೆ. ಬರೀ ಪೆಟ್ರೋಲಿನ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಎಥೆನಾಲಿಗೆ 9 ಪಾಲು ಸಾಕು. ಅಂದರೆ ಎರಡೂ ಬೆರೆತಾಗ ಅಷ್ಟೇ ಗಾಳಿಗೆ ಪೆಟ್ರೋಲ್ ಹೆಚ್ಚು ಬೇಕು, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ ಹಳೇ ಅಳತೆಯದಾದರೆ ಅದು ಕೊಡುವುದು ಸ್ವಲ್ಪ ಕಮ್ಮಿಯೇ ಆಗುತ್ತದೆ. ಹಾಗಂತ ಇದ್ದ ಜೆಟ್ಟಿನ ತೂತನ್ನೇ ಕೊರೆದು ದೊಡ್ಡದು ಮಾಡಲು ಅವರು ಒಪ್ಪಲಿಲ್ಲ. ಹಿತ್ತಾಳೆಯ ಜೆಟ್ಟಿಗೆ ತಂತಿ ತುರುಕುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಅವರು ಗಾಳಿ ಹೊಡೆಯುತ್ತಾರೆ, ಅದಕ್ಕೂ ಬಗ್ಗದಿದ್ದರೆ ಗಾಳದ ನೈಲಾನ್ ದಾರ. ಎಂಜಿನ್ ಬಿಸಿಯಿದ್ದಾಗಲೇ ಗಾಳಿ-ಪೆಟ್ರೋಲಿನ ಹದ ಮಾಡುವ ಮಿಕ್ಸ್ಚರ್ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಐಡ್ಲಿಂಗ್ ಸದ್ದು ಸಮವಾದ ಕಡೆ ಬಿಟ್ಟರು.

ಮಧ್ಯಾಹ್ನದ ಬಿಸಿಲಿನಲ್ಲೇ ಘಾಟಿ ಹತ್ತಿದೆವು, ಎಲ್ಲೂ ನಿಲ್ಲಲಿಲ್ಲ. ಗೃಹಪ್ರವೇಶದ ಊಟದ ಕೊನೆಯ ಪಂಕ್ತಿ ಸಿಕ್ಕಿತು. ಭಾವ ಪಾಯಸ ಬಡಿಸಿಕೊಳ್ಳುತ್ತ ಪಕ್ಕದವರಿಗೆ ಒದ್ದೆ ಬಟ್ಟೆಯ ಮಹಿಮೆ ಹೇಳುತ್ತಿದ್ದರು. ನಾನು ಬಾಯಿ ಹಾಕಲಿಲ್ಲ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಈಗಿನದಕ್ಕಿಂತ ಒಂದು ನಂಬರ್ ದೊಡ್ಡ ಮೇನ್ ಜೆಟ್ ಹುಡುಕಬೇಕು. "ಡಬ್ಬಿ ನೋಡಿ ತರ್ಬೇಡಿ, ಜೆಟ್ಟಿನ ಮೇಲೆ ಕೆತ್ತಿದ ನಂಬರ್ ನೋಡಿ" ಎಂದು ಮೇಸ್ತ್ರಿ ಹೇಳಿ ಕಳಿಸಿದ್ದಾರೆ.