"ಬರಲ್ಲ" ಅಂತ ಹೇಗೆ ಹೇಳ್ತೀರಿ?

ಕೆಟ್ಟುಹೋದ ಹಾರ್ಡ್ ಡಿಸ್ಕ್, ಫೋನು, ಮೆಮೊರಿ ಕಾರ್ಡ್‌ಗಳಿಂದ ಫೋಟೊ, ಫೈಲ್‌ಗಳನ್ನು ವಾಪಸ್ ತೆಗೆಯುವುದು ನನ್ನ ಕೆಲಸ. ಈ ಕೆಲಸ ಕಲಿಯಲು ಬರುವವರೂ ಕೇಳುತ್ತಾರೆ, ಪರಿಚಯದವರೂ ಕೇಳುತ್ತಾರೆ: "ಮಗುವಿನ ಫೋಟೊ ಎಲ್ಲ ಹೋಯ್ತು ಅಂತ ಕಣ್ಣೀರು ಹಾಕುವವರಿಗೆ 'ಬರಲ್ಲ' ಅಂತ ಹೇಗೆ ಹೇಳ್ತೀರಿ? ಆಗುತ್ತೆ ಬಿಡಿ ಅಂತ ಸ್ವಲ್ಪ ಧೈರ್ಯ ತುಂಬಬಾರದಾ?"

ತುಂಬಬಾರದು. ನಮ್ಮ ಮಾತು ನಂಬಿ ಜನ ಮುಂದಿನ ತೀರ್ಮಾನ ಮಾಡುತ್ತಾರೆ. ಫೋಟೊ ಬರುತ್ತೆ ಅಂತ ನಂಬಿದವರು ಬೇರೆ ಕಡೆ ಹುಡುಕುವುದಿಲ್ಲ. ಅಕ್ಕನ ಫೋನಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಹಳೆ ಇಮೇಲ್‌ನಲ್ಲಿ ಕೆಲವು ಫೋಟೊ ಉಳಿದಿರಬಹುದು. ಒಂದೆರಡು ತಿಂಗಳು ಕಾದ ಮೇಲೆ ನಾವು ಕೈಚೆಲ್ಲಿದರೆ, ಅಷ್ಟರಲ್ಲಿ ಅಲ್ಲಿಯೂ ಯಾರೋ ಜಾಗ ಖಾಲಿ ಮಾಡಲು ಅಳಿಸಿರುತ್ತಾರೆ. ಸುಳ್ಳು ಧೈರ್ಯದಿಂದ ಆಗುವ ನಷ್ಟ ಇದು. ಮೊದಲ ದಿನವೇ ನಿಜ ಹೇಳಿದ್ದರೆ ಆ ಫೋಟೊಗಳಾದರೂ ಉಳಿಯುತ್ತಿದ್ದವು.

ಹಾಗಂತ ಎಲ್ಲದಕ್ಕೂ "ಆಗಲ್ಲ" ಅನ್ನುವುದೂ ಸರಿಯಲ್ಲ. ನನಗೆ ಏನು ಗೊತ್ತು, ಏನು ಗೊತ್ತಿಲ್ಲ, ಅದು ಯಾವಾಗ ಗೊತ್ತಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ಹಾರ್ಡ್ ಡಿಸ್ಕ್‌ನಿಂದ ಅಳಿಸಿದ ಫೈಲ್, ಅದರ ಜಾಗದಲ್ಲಿ ಬೇರೇನೂ ಬರೆಯದಿದ್ದರೆ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಡಿಸ್ಕ್‌ನ ತಟ್ಟೆಯ ಮೇಲೆ ಅದನ್ನು ಓದುವ, ಬರೆಯುವ ಹೆಡ್ ಉಜ್ಜಿ ಗೀರು ಬಿದ್ದಿದ್ದರೆ, ಆ ಗೀರಿನ ಜಾಗದಲ್ಲಿದ್ದದ್ದು ಹೋಯಿತು. ಎಸ್‌ಎಸ್‌ಡಿ (ತಟ್ಟೆಯ ಬದಲು ಚಿಪ್‌ನಲ್ಲಿ ಮಾಹಿತಿ ಇಡುವ ಡಿಸ್ಕ್) ಆದರೆ, ಫೈಲ್ ಅಳಿಸಿದ ಮೇಲೆ "ಈ ಜಾಗದ್ದು ಇನ್ನು ಬೇಡ" ಎಂದು ಕಂಪ್ಯೂಟರ್ ಕಳಿಸುವ ಟ್ರಿಮ್ ಆದೇಶದಿಂದಾಗಿ ಒಳಗಿನ ಮಾಹಿತಿಯೂ ಬೇಗ ಒರಸಿಹೋಗುತ್ತದೆ. ಈಗಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗುಪ್ತಲಿಪಿಯಲ್ಲಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದನ್ನು ಬಿಡಿಸುವ ಕೀ ಅಳಿಯುತ್ತದೆ. ಇಷ್ಟನ್ನು ಸರಳವಾಗಿ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ಕಾರಣ ಗೊತ್ತಾದವರು "ಇವರು ಪ್ರಯತ್ನವನ್ನೇ ಮಾಡಲಿಲ್ಲ" ಅನ್ನುವುದು ಕಡಿಮೆ.

ನಿಜವಾಗಿ ಕಷ್ಟ ಇರುವುದು ಅರ್ಧಂಬರ್ಧ ಬರುವ ಕೆಲಸಗಳಲ್ಲಿ. "ಎಂಬತ್ತು ಪರ್ಸೆಂಟ್ ಬರಬಹುದು" ಅಂದರೆ ಕೇಳುವವರಿಗೆ ಕೇಳಿಸುವುದು "ಬರುತ್ತೆ" ಅಂತಲೇ. ಅದಕ್ಕೇ ನಾನು ಪರ್ಸೆಂಟ್ ಹೇಳುವುದಿಲ್ಲ, ಹೇಗೆ ಬರುತ್ತದೆ ಎಂದು ಹೇಳುತ್ತೇನೆ. ಫೈಲಿನ ಹೆಸರು ಇರಲಿಕ್ಕಿಲ್ಲ. ಫೋಲ್ಡರ್‌ಗಳು ಇರಲಿಕ್ಕಿಲ್ಲ. ಮದುವೆ, ಪ್ರವಾಸ, ಆಫೀಸಿನ ರಸೀದಿ ಎಲ್ಲ ಒಂದೇ ರಾಶಿಯಲ್ಲಿ ಬರಬಹುದು. ಕೆಲವು ಫೋಟೊ ಮೇಲರ್ಧ ಸರಿಯಾಗಿದ್ದು ಕೆಳಗೆ ಬೂದು ಬಣ್ಣ ಇರಬಹುದು. ಅಂಥ ಒಂದು ಮಾದರಿ ಫೋಟೊವನ್ನು ಕೆಲಸ ಶುರುವಾಗುವ ಮೊದಲೇ ತೋರಿಸುತ್ತೇನೆ. ಏನೂ ಬರದಿದ್ದರೆ ಎಷ್ಟು ಕೊಡಬೇಕು ಅನ್ನುವುದನ್ನೂ ಆಗಲೇ ಹೇಳಿ, ಬರೆದುಕೊಡುತ್ತೇನೆ. ಇಷ್ಟು ಕೇಳಿದ ಮೇಲೆ ಕೆಲವರು ಬೇಡ ಅನ್ನುತ್ತಾರೆ. ಅದು ಅವರ ಹಕ್ಕು, ಅಲ್ವಾ?

ಇನ್ನು ಸಮಯದ ವಿಚಾರ. ಬೇಸರದ ದೊಡ್ಡ ಪಾಲು ಇಲ್ಲೇ ಹುಟ್ಟುತ್ತದೆ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನಶ್ಶಾಸ್ತ್ರಜ್ಞರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದ್ದರು. ವಿದ್ಯಾರ್ಥಿಗಳು ಅಂದಾಜಿಸಿದ್ದು ಸರಾಸರಿ ಸುಮಾರು 34 ದಿನ. ಹಿಡಿದದ್ದು 55ಕ್ಕೂ ಜಾಸ್ತಿ. ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ಮುಂದಿನ ಕೆಲಸವನ್ನು ಊಹಿಸುವಾಗ ಎಲ್ಲವೂ ಸರಾಗವಾಗಿ ಸಾಗುತ್ತದೆ ಅಂತಲೇ ನಮಗೆ ಅನಿಸುತ್ತದೆ. ಅದಕ್ಕೆ ದಿನ ಹೇಳುವ ಮೊದಲು ನಾನು ಹಳೆ ಕೆಲಸಗಳನ್ನು ಬರೆದಿಟ್ಟ ಪುಸ್ತಕ ತೆಗೆದು, ಇಂಥದೇ ಕೆಲಸ ಹಿಂದೆ ಎಷ್ಟು ದಿನ ಹಿಡಿದಿತ್ತು ಎಂದು ನೋಡುತ್ತೇನೆ.

ಎರಡು ವಾರದ ಕೆಲಸಕ್ಕೆ ಎರಡು ತಿಂಗಳು ಹೇಳಿ, ಬೇಗ ಕೊಟ್ಟು ಶಭಾಷ್ ಅನ್ನಿಸಿಕೊಳ್ಳುವ ರೂಢಿಯೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಅದೂ ಸುಳ್ಳೇ. ಎರಡು ತಿಂಗಳು ಅಂತ ಕೇಳಿ ಒಬ್ಬರು ತಮ್ಮ ಲೆಕ್ಕಪತ್ರವನ್ನೆಲ್ಲ ಕೂತು ಮತ್ತೆ ಟೈಪ್ ಮಾಡಿಬಿಡಬಹುದು.

ಹೇಳಿದ ದಿನ ದಾಟುತ್ತದೆ ಎಂದು ಗೊತ್ತಾದ ತಕ್ಷಣ ಫೋನ್ ಮಾಡಬೇಕು, ಅವರು ಮಾಡುವವರೆಗೆ ಕಾಯಬಾರದು. ಕಾರಣವೂ ಗೊತ್ತಿಲ್ಲದೆ, ಕೊನೆಯೂ ಗೊತ್ತಿಲ್ಲದೆ ಕಾಯುವುದು ಇನ್ನೂ ಉದ್ದ ಅನಿಸುತ್ತದೆ ಎಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. ಮುಗಿಯುವ ದಿನ ಹೇಳಲು ಆಗದಿದ್ದರೆ "ಗುರುವಾರ ಸಂಜೆ ಮತ್ತೆ ಫೋನ್ ಮಾಡ್ತೀನಿ" ಅನ್ನಬಹುದು. ಹೊಸ ಸುದ್ದಿ ಇಲ್ಲದಿದ್ದರೂ ಗುರುವಾರ ಸಂಜೆ ಮಾಡಲೇಬೇಕು.

ಇಷ್ಟೆಲ್ಲ ಆದರೂ ಕೆಲವರಿಗೆ ಸಿಟ್ಟು ಹೋಗುವುದಿಲ್ಲ. ಹೋಗಬೇಕೆಂದು ನಾನು ನಿರೀಕ್ಷಿಸುವುದೂ ಇಲ್ಲ, ಕಳೆದುಕೊಂಡವರು ಅವರು. ನಡುವೆ ಮಾತಾಡದೆ ಕೇಳಿಸಿಕೊಳ್ಳುತ್ತೇನೆ. ಆದರೆ ಅವರನ್ನು ಸಮಾಧಾನ ಮಾಡಲೆಂದು ಉತ್ತರ ಬದಲಿಸುವುದಿಲ್ಲ. ಬೇರೆ ಕಡೆ ತೋರಿಸುತ್ತೇನೆ ಅಂದರೆ, ನಾನು ಏನೇನು ಮಾಡಿದೆ, ಎಲ್ಲಿ ನಿಂತಿತು ಎಂದು ಬರೆದು ಡಿಸ್ಕ್ ಜೊತೆಗೇ ಕೊಡುತ್ತೇನೆ. ಸೋತ ಡಿಸ್ಕನ್ನು ಸುಮ್ನೆ ಮತ್ತೆ ಮತ್ತೆ ಓಡಿಸಿದರೆ ಇನ್ನಷ್ಟು ಹಾಳಾಗುತ್ತದೆ. ಮುಂದೆ ನೋಡುವವರು ಅದನ್ನೇ ಮೊದಲಿಂದ ಮಾಡುವುದು ಬೇಡ.