ಅವರಿಗೆ ಹೋಗಿರುತ್ತೆ

ಸೋಮವಾರ ಅಮ್ಮನ ಮಂಡಿ ನೋವು ತೋರಿಸಲು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆವು. ಚೀಟಿ ಮಾಡಿಸುವ ಕಿಟಕಿ ಪಕ್ಕ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಫೋನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ಎಲ್ಲ ಕಂಪ್ಯೂಟರಿಗೆ ಹೋಗಿ ಟೋಕನ್ ಬರುತ್ತೆ. ಒಬ್ಬ ಹುಡುಗ ಬಂದ, ಸ್ಕ್ಯಾನ್ ಮಾಡಿದ, ಚೀಟಿ ಹಿಡಿದು ಹೋದ. ಸುಳ್ಳು ಯಾಕೆ, ಸರ್ಕಾರದ ಬಗ್ಗೆ ಹೆಮ್ಮೆಯೇ ಆಯಿತು.

ಅದಕ್ಕೆ ಆಭಾ ನಂಬರ್ ಬೇಕು, 14 ಅಂಕಿಯದು. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ ಡಿಜಿಟಲ್ ಆರೋಗ್ಯ ಯೋಜನೆಯದು. ಕಡ್ಡಾಯವೇನಲ್ಲ. ಆದರೆ ಅದಿಲ್ಲದವರ ಸಾಲು ಗೇಟಿನ ತನಕ ಇತ್ತು.

“ಇಲ್ಲೇ ಮಾಡ್ಕೊಡ್ತೀನಿ” ಅಂದಳು ಕೌಂಟರಿನ ಹುಡುಗಿ. ಆಧಾರ್ ನಂಬರ್ ಒತ್ತಿದಳು. “ಅಜ್ಜಿ, ಓಟಿಪಿ ಬಂತಾ?”

“ನಂಗೆಲ್ಲಿ ಬರುತ್ತೆ ಕಣಮ್ಮ, ಅವರಿಗೆ ಹೋಗಿರುತ್ತೆ.”

“ಹಾಗಾದ್ರೆ ಅವರಿಗೆ ಫೋನ್ ಮಾಡಿ ಕೇಳಿ.”

ಅವರು ಅಂದರೆ ಅಪ್ಪ. ತೀರಿಕೊಂಡು ಮೂರು ವರ್ಷ. ಹುಡುಗಿಗೆ ಹೇಗೆ ಗೊತ್ತಾಗಬೇಕು ಪಾಪ. ಆಧಾರಿನಲ್ಲಿ ನಂಬರ್ ಬದಲಾಯಿಸಬೇಕಾಗಿದ್ದವನು ನಾನು. ಹಿಂದಿದ್ದವನೊಬ್ಬ “ಬೇಗ ಮುಗಿಸ್ರೀ” ಅಂದ. ಅವನ ಮೇಲೆ ಇನ್ನೂ ಸಿಟ್ಟಿದೆ.

ಅವತ್ತಿನಿಂದ ಅದೇ ಮಾತು ತಲೆಯಲ್ಲಿ. ಅವರಿಗೆ ಹೋಗಿರುತ್ತೆ. ಲಸಿಕೆ ಕಾಲದಲ್ಲಿ ಹೋಗುತ್ತಿದ್ದದ್ದೂ ಅವರಿಗೇ. ಕೋವಿಡ್ ಲಸಿಕೆಗೆ ಹೆಸರು ಬರೆಸುತ್ತಿದ್ದ ಕೋವಿನ್‌ನಲ್ಲಿ ಒಂದೇ ಮೊಬೈಲಿಗೆ ಮೊದಲು ನಾಲ್ಕು ಜನ, 2022ರ ಜನವರಿಯಿಂದ ಆರು ಜನ ಸೇರಬಹುದಿತ್ತು. ಅದರ ಹೊಣೆ ಹೊತ್ತಿದ್ದ ಆರ್.ಎಸ್. ಶರ್ಮಾ ಆಧಾರ್ ಪ್ರಾಧಿಕಾರದ ಮೊದಲ ಮಹಾನಿರ್ದೇಶಕರೂ ಹೌದು. ಫೋನ್ ಇಡೀ ಮನೆಯದು ಅಂತ ಕೋವಿನ್ ಮಾಡಿದವರಲ್ಲಿ ಯಾರಿಗೋ ಹೊಳೆದಿತ್ತು, ಅಲ್ವಾ? ಅಮ್ಮನ ಎರಡನೇ ಡೋಸಿನ ಮೆಸೇಜನ್ನು ಅಪ್ಪ ಕನ್ನಡಕ ಹಾಕಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಓದಿದ್ದರು. ಆ್ಯಪ್ ಮಾಡುವ ದೊಡ್ಡವರು ಒಂದು ದಿನ ಈ ಕಿಟಕಿ ಹಿಂದೆ ಕೂರಬೇಕು. ಉದ್ಘಾಟನೆಗೆ ಬಂದು ಹೋದರೆ ಸಾಲದು.

ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು. ಮತ್ತೇನೂ ಕೇಳಲಿಲ್ಲ. ಸ್ಕ್ರೀನ್ ಮುಚ್ಚಿ, ಹಳೇ ಥರ ಒಂದೊಂದೇ ಕೇಳಿ ಟೈಪ್ ಮಾಡಿದಳು. ಹೆಸರು, ವಯಸ್ಸು, ಊರು.

“ಮೊಬೈಲ್ ನಂಬರ್?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹತ್ತೂ ಅಂಕಿಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು. ಅಪ್ಪನದು. ನಾನು ತಿದ್ದಲಿಲ್ಲ.